ಕಂಕಣ ಕಳಚಿದರೆ ವಿಮಾನ ಏನು ಮಾಡುತ್ತದೆ? ಒಂದು ಥ್ರಿಲ್ಲರ್ ಹಸ್ತಪ್ರತಿಯ ಪ್ರಕರಣ ಅಧ್ಯಯನ

ಈ ಅಧ್ಯಯನ ಒಂದು ಕನ್ನಡ ಥ್ರಿಲ್ಲರ್ ಕಾದಂಬರಿಯ ಹಸ್ತಪ್ರತಿಗೆ, ಅದರಲ್ಲೂ ಆ ಕಥೆಯ ಭಾರವನ್ನೆಲ್ಲ ಹೊತ್ತು ನಿಂತಿದ್ದ ಒಂದು ಕಾಲ್ಪನಿಕ ಭದ್ರತಾ ಸಾಧನಕ್ಕೆ ಸಂಬಂಧಿಸಿದ್ದು. ಲೇಖಕಿ ಬೆಂಗಳೂರಿನವರು; ಜೀವನ್ ಬಿಮಾ ನಗರದಲ್ಲಿ, ಎಚ್‌ಎಎಲ್ ರನ್‌ವೇಯಿಂದ ಏಳುವ ವಿಮಾನಗಳ ಸದ್ದು ಕೇಳುತ್ತಲೇ ಬೆಳೆದವರು, ವೃತ್ತಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಹಸ್ತಪ್ರತಿಯನ್ನು ಒಪ್ಪಿಕೊಳ್ಳುವ ಮುನ್ನ ಅದರ ತಾಂತ್ರಿಕ ಭಾಗವನ್ನು ಓದಿ ಅಭಿಪ್ರಾಯ ತಿಳಿಸಬೇಕೆಂದು ಪ್ರಕಾಶಕರು ನನ್ನನ್ನು ಕೇಳಿದ್ದರು. ವಿಮಾನ ನಿಯಂತ್ರಣ ವ್ಯವಸ್ಥೆಗಳ ಕೆಲಸದಲ್ಲೇ ಆಯುಷ್ಯ ಕಳೆದು, ಈಗ ನಿವೃತ್ತರಾಗಿ ಕಗ್ಗದಾಸಪುರದಲ್ಲಿ ನೆಲೆಸಿರುವ ಹಿರಿಯ ಎಂಜಿನಿಯರೊಬ್ಬರು ನಮ್ಮೊಡನೆ ಕುಳಿತು ಚರ್ಚಿಸಲು ಒಪ್ಪಿದರು. ಅವರದು ಒಂದೇ ಷರತ್ತು: ತಮ್ಮ ಸೇವಾವಧಿಯ ಯಾವ ವಿಷಯವನ್ನೂ ಅವರು ಹೇಳುವುದಿಲ್ಲ, ನಾವು ಕೇಳಲೂಬಾರದು, ಸಾರ್ವಜನಿಕವಾಗಿ ಪ್ರಕಟವಾಗಿರುವ ಸಂಗತಿಗಳನ್ನು ಇಟ್ಟುಕೊಂಡೇ ಮಾತಾಡಬೇಕು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇಂದಿಗೂ ಜಾರಿಯಲ್ಲಿರುವುದರಿಂದ ಮಾತ್ರವಲ್ಲ, ಸೈನ್ಯದ ವಿಷಯ ಬರೆಯುವವರೆಲ್ಲರೂ ತಾವಾಗಿಯೇ ಹಾಕಿಕೊಳ್ಳಬೇಕಾದ ಗೆರೆ ಅದೆಂದೇ ನಾನು ನಂಬಿದ್ದೇನೆ. ಆ ಗೆರೆಯೊಳಗೆ ನಿಂತೇ ಕಾದಂಬರಿಗೆ ಬೇಕಾದದ್ದೆಲ್ಲ ಸಿಕ್ಕಿತು.

ಮೊದಲ ಕರಡಿನಲ್ಲಿದ್ದ ಸಾಧನ

ಕಥೆ ನಡೆಯುವುದು ಬೆಂಗಳೂರಿನ ಉತ್ತರದ ಹೊರವಲಯದಲ್ಲಿ, ಲೇಖಕಿಯೇ ಕಲ್ಪಿಸಿಕೊಂಡ ಒಂದು ಡ್ರೋನ್ ಘಟಕದಲ್ಲಿ. ಕಿಟಕಿಗಳಿಲ್ಲದ ಕ್ಯಾಬಿನ್‌ನಲ್ಲಿ ಕುಳಿತ ಪೈಲಟ್‌ಗಳು ಬಹುದೂರದ ಗಡಿಯ ಮೇಲೆ ಹಾರುವ ಶಸ್ತ್ರಸಜ್ಜಿತ ಡ್ರೋನನ್ನು ಉಪಗ್ರಹದ ಮೂಲಕ ನಡೆಸುತ್ತಾರೆ. ಪ್ರತಿಯೊಬ್ಬ ಪೈಲಟ್‌ನ ಎಡ ಮಣಿಕಟ್ಟಿನಲ್ಲಿ ‘ಕಂಕಣ’ ಎಂಬ ಪಟ್ಟಿಯಿರುತ್ತದೆ. ಅದು ಚರ್ಮದ ಮೇಲೆ ಬೆಳಕು ಹಾಯಿಸಿ ನಾಡಿಬಡಿತದ ಆಕಾರವನ್ನು ಓದುತ್ತದೆ, ಮೈಬಿಸಿಯನ್ನು ಅಳೆಯುತ್ತದೆ, ತನ್ನೊಳಗಿನ ಚಿಪ್‌ನಲ್ಲಿ ಒಂದು ಗುಪ್ತ ಕೀಲಿಯನ್ನು ಇಟ್ಟುಕೊಂಡಿರುತ್ತದೆ, ಮತ್ತು ಪ್ರತಿ ಐದು ಸೆಕೆಂಡಿಗೊಮ್ಮೆ ನಿಸ್ತಂತುವಾಗಿ ಕ್ಯಾಬಿನ್‌ಗೆ ‘ಇವರೇ ಅವರು’ ಎಂದು ದೃಢೀಕರಿಸುತ್ತದೆ. ಪಟ್ಟಿ ಕೈಯಿಂದ ಕಳಚಿದರೆ, ನಾಡಿ ನಿಂತರೆ, ಅಥವಾ ಬೇರೆಯವರ ನಾಡಿ ಸಿಕ್ಕರೆ, ಮೂರು ಸೆಕೆಂಡಿನಲ್ಲಿ ಕ್ಯಾಬಿನ್ ಸ್ತಬ್ಧವಾಗುತ್ತದೆ. ಡ್ರೋನ್ ತನ್ನನ್ನು ತಾನೇ ಸ್ಫೋಟಿಸಿಕೊಳ್ಳುತ್ತದೆ. ಕೊನೆಯ ಅಧ್ಯಾಯದಲ್ಲಿ ಶತ್ರುಗಳು ಪೈಲಟ್ ಒಬ್ಬನನ್ನು ಹೆಬ್ಬಾಳದ ಬಳಿ ಅಪಹರಿಸಿ, ಅವನ ಪಟ್ಟಿಯನ್ನು ತಾವು ಧರಿಸಿ ಘಟಕದೊಳಕ್ಕೆ ನುಗ್ಗುತ್ತಾರೆ, ಕಂಕಣ ಅವರನ್ನು ಗುರುತಿಸಿ ತಡೆಯುತ್ತದೆ, ನಾಯಕಿ ಗೆಲ್ಲುತ್ತಾಳೆ.

ಬರವಣಿಗೆಯಲ್ಲಿ ವೇಗವಿತ್ತು, ಪಾತ್ರಗಳಿಗೆ ಜೀವವಿತ್ತು. ಆದರೆ ಇನ್ನೂರು ಪುಟಗಳ ಉದ್ದಕ್ಕೂ ‘ಯಾರೂ ಮುರಿಯಲಾರದ್ದು’ ಎಂದು ಹೊಗಳಿಸಿಕೊಂಡ ಸಾಧನ ಕೊನೆಯಲ್ಲಿ ನಿಜವಾಗಿಯೂ ಮುರಿಯದೇ ಉಳಿದರೆ, ಓದುಗ ಅಷ್ಟು ಹೊತ್ತು ಭಯಪಟ್ಟದ್ದಕ್ಕೆ ಕಾರಣವೇ ಇಲ್ಲದಂತಾಗುತ್ತದೆ. ನನ್ನ ಮೊದಲ ಟಿಪ್ಪಣಿ ಇದೇ ಆಗಿತ್ತು. ಹಿರಿಯರ ಆಕ್ಷೇಪ ಇದಕ್ಕಿಂತ ಆಳದ್ದು. ಹಸ್ತಪ್ರತಿಯ ಮೇಲೆ ಬೆರಳಿಟ್ಟು ಅವರು ಕೇಳಿದ ಪ್ರಶ್ನೆಯನ್ನು ಹಾಗೆಯೇ ಕೊಡುತ್ತೇನೆ.

‘‘ನೋಡಮ್ಮಾ, ಪಟ್ಟಿ ಕೈಯಿಂದ ಕಳಚಿತು, ಕ್ಯಾಬಿನ್ ಲಾಕ್ ಆಯ್ತು ಅಂತಲೇ ಇಟ್ಕೋ. ಆ ಹೊತ್ತಲ್ಲಿ ವಿಮಾನ ಏನು ಮಾಡ್ತಿರುತ್ತೆ?’’

‘‘ಸ್ಫೋಟ ಆಗುತ್ತೆ ಸರ್.’’

‘‘ಎಲ್ಲಿ? ಯಾರ ಮನೆ ಮೇಲೆ?’’

ಲೇಖಕಿ ಉತ್ತರಿಸಲಿಲ್ಲ; ಪೆನ್ನು ತೆಗೆದು ಅಂಚಿನಲ್ಲಿ ಆ ಪ್ರಶ್ನೆಯನ್ನೇ ಬರೆದುಕೊಂಡರು. ಎರಡನೆಯ ಕರಡು ಹುಟ್ಟಿದ್ದು ಅಲ್ಲಿಂದ.

ಮುಚ್ಚಿಡಲಾಗದ ವಸ್ತು

ಭದ್ರತೆಯ ಬಗ್ಗೆ ಯೋಚಿಸುವಾಗ ನಮ್ಮೆಲ್ಲರ ಮನಸ್ಸಿನಲ್ಲಿ ಬರುವುದು ಮನೆಯ ಬಾಗಿಲು: ಸಂಶಯ ಬಂದರೆ ಅಗುಳಿ ಹಾಕು, ಹಾಕಿದ ಮೇಲೆ ಒಳಗಿನವರು ಕ್ಷೇಮ. ಆಕಾಶದಲ್ಲಿರುವ ವಿಮಾನಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ನಮ್ಮ ರೈಲ್ವೆ ಎಂಜಿನ್‌ಗಳಲ್ಲಿ ಚಾಲಕನ ಎಚ್ಚರವನ್ನು ಪರೀಕ್ಷಿಸುವ ಸಾಧನವೊಂದಿದೆ. ಸುಮಾರು ಒಂದು ನಿಮಿಷ ಚಾಲಕ ಯಾವ ನಿಯಂತ್ರಣವನ್ನೂ ಮುಟ್ಟದಿದ್ದರೆ ಮೊದಲು ದೀಪ ಮಿನುಗುತ್ತದೆ, ಆಮೇಲೆ ಸದ್ದು ಮಾಡುತ್ತದೆ, ಅದಕ್ಕೂ ಪ್ರತಿಕ್ರಿಯೆ ಬಾರದಿದ್ದರೆ ಬ್ರೇಕ್ ತಾನಾಗಿ ಬೀಳುತ್ತದೆ. ಈ ಸಾಧನ ಅಷ್ಟು ಸರಳವಾಗಿರಲು ಸಾಧ್ಯವಾಗಿರುವುದು ರೈಲಿಗೆ ‘ನಿಲ್ಲುವುದು’ ಎಂಬ ಸುರಕ್ಷಿತ ಸ್ಥಿತಿಯೊಂದು ಇರುವುದರಿಂದ. ನಿಂತ ರೈಲು ತಡವಾಗುತ್ತದೆ, ಅಷ್ಟೆ. ನಿಂತ ವಿಮಾನ ಬೀಳುತ್ತದೆ.

ಹೀಗಾಗಿ ನೈಜ ಜಗತ್ತಿನ ದೊಡ್ಡ ಡ್ರೋನ್‌ಗಳಲ್ಲಿ ನೆಲದ ಸಂಪರ್ಕ ಕಡಿದುಹೋದಾಗ ಏನು ಮಾಡಬೇಕೆಂಬುದನ್ನು ಹಾರಾಟಕ್ಕೆ ಮುಂಚೆಯೇ ವಿಮಾನದ ಕಂಪ್ಯೂಟರ್‌ಗೆ ತುಂಬಿರುತ್ತಾರೆ. ಸಂಪರ್ಕ ಮರಳಿ ಬರಬಹುದೆಂದು ಅದು ಕೆಲ ಕಾಲ ಗೊತ್ತುಪಡಿಸಿದ ಜಾಗದಲ್ಲಿ ಸುತ್ತುತ್ತದೆ, ಬಾರದಿದ್ದರೆ ಮೊದಲೇ ಗುರುತಿಸಿಟ್ಟ ದಾರಿಯಲ್ಲಿ ನೆಲೆಯ ಕಡೆಗೆ ಹಿಂತಿರುಗುತ್ತದೆ. ಈ ಏರ್ಪಾಡೂ ಕೈಕೊಡುವುದುಂಟು. 2009ರ ಸೆಪ್ಟೆಂಬರ್ 13ರಂದು ಅಫ್ಘಾನಿಸ್ತಾನದ ಮೇಲೆ ಹಾರುತ್ತಿದ್ದ ಅಮೆರಿಕದ ಒಂದು ರೀಪರ್ ಡ್ರೋನ್ ಪೈಲಟ್‌ಗಳ ಹತೋಟಿ ತಪ್ಪಿ ದೇಶದ ಗಡಿಯತ್ತ ಸಾಗಿದಾಗ, ಅಮೆರಿಕದ ವಾಯುಪಡೆ ತನ್ನದೇ ಯುದ್ಧವಿಮಾನವೊಂದನ್ನು ಕಳಿಸಿ ಅದನ್ನು ಹೊಡೆಯಬೇಕಾಯಿತು. ಹತೋಟಿ ಕಡಿಯುವುದನ್ನೇ ಗೆಲುವೆಂದು ತೋರಿಸುವ ಕಥೆ ಈ ಒಂದು ಘಟನೆಯ ಎದುರು ನಿಲ್ಲುವುದಿಲ್ಲ.

ಲೇಖಕಿ ಮೊದಲು ಬದಲಿಸಿದ್ದು ಇದನ್ನೇ. ಎರಡನೆಯ ಕರಡಿನಲ್ಲಿ ಕಂಕಣ ವಿಮಾನವನ್ನು ಮುಟ್ಟುವುದೇ ಇಲ್ಲ. ಅದು ಹಿಡಿದಿಡುವುದು ಶಸ್ತ್ರ ಪ್ರಯೋಗದ ಅಧಿಕಾರವನ್ನು ಮಾತ್ರ. ಸಂಶಯ ಬಂದಾಗ ಕ್ಷಿಪಣಿಗೆ ಆಜ್ಞೆ ಹೋಗುವುದು ನಿಲ್ಲುತ್ತದೆ. ವಿಮಾನದ ರೆಕ್ಕೆ, ಎಂಜಿನ್, ದಾರಿ ಯಾವುದಕ್ಕೂ ಅಡ್ಡಿಯಾಗುವುದಿಲ್ಲ. ಇದಕ್ಕೆ ಚರಿತ್ರೆಯಲ್ಲಿ ಆಧಾರವೂ ಇದೆ. 1962ರಲ್ಲಿ ಅಮೆರಿಕ ಯುರೋಪಿನಲ್ಲಿ ಇಟ್ಟಿದ್ದ ತನ್ನ ಅಣ್ವಸ್ತ್ರಗಳಿಗೆ ಸಂಕೇತವಿಲ್ಲದೆ ಸಿಡಿಯದಂತಹ ಬೀಗಗಳನ್ನು ಅಳವಡಿಸಲು ನಿರ್ಧರಿಸಿತು. ಬೀಗ ಇದ್ದದ್ದು ಅಸ್ತ್ರಕ್ಕೆ, ಅದನ್ನು ಹೊತ್ತ ವಿಮಾನಕ್ಕಲ್ಲ. ಹಾರುವ ಹಕ್ಕನ್ನೂ ಸುಡುವ ಹಕ್ಕನ್ನೂ ಬೇರ್ಪಡಿಸಿದ ಕ್ಷಣದಿಂದ ಕಾದಂಬರಿಯ ಅರ್ಧ ತೊಡಕು ಬಿಡಿಸಿಕೊಂಡಿತು. ಹಾಗೆ ಮಾಡಿದ್ದರಿಂದ ಶತ್ರುವಿಗೂ ಹೊಸ ದಾರಿ ತೆರೆಯಿತು, ಏಕೆಂದರೆ ಕ್ಷಿಪಣಿಯಿಲ್ಲದೆಯೂ ಕೆಲವು ಟನ್ ತೂಕದ ವಿಮಾನವೇ ಒಂದು ಅಸ್ತ್ರ. ಈ ಮಾತನ್ನು ಲೇಖಕಿ ಕಾದಂಬರಿಯಲ್ಲಿ ಯಾರ ಬಾಯಿಂದಲೂ ಹೇಳಿಸಿಲ್ಲ. ಓದುಗರಿಗೆ ತಾನಾಗಿ ಹೊಳೆಯುವಂತೆ ಬಿಟ್ಟಿದ್ದಾರೆ. ಅದು ಸರಿಯಾದ ಆಯ್ಕೆ.

ಪ್ರಾಮಾಣಿಕ ಪೈಲಟ್‌ನ ಕಷ್ಟ

ಎರಡನೆಯ ಸಮಸ್ಯೆ ಲೆಕ್ಕದ್ದು. ಪ್ರತಿ ಐದು ಸೆಕೆಂಡಿಗೊಮ್ಮೆ ಪರೀಕ್ಷೆ ಎಂದರೆ ಎಂಟು ಗಂಟೆಯ ಒಂದು ಪಾಳಿಯಲ್ಲಿ 5,760 ಪರೀಕ್ಷೆಗಳು. ಸಾವಿರಕ್ಕೊಮ್ಮೆ ಮಾತ್ರ ತಪ್ಪುವ, ಅಂದರೆ ಅತ್ಯುತ್ತಮವೆಂದೇ ಹೇಳಬಹುದಾದ ಸಾಧನವೂ ಈ ಲೆಕ್ಕದಲ್ಲಿ ಪಾಳಿಯೊಂದಕ್ಕೆ ಐದಾರು ಬಾರಿ ತನ್ನದೇ ಪೈಲಟ್‌ನನ್ನು ಶತ್ರುವೆಂದು ತಿಳಿಯುತ್ತದೆ. ಪರಕೀಯನನ್ನು ಒಳಗೆ ಬಿಡುವ ತಪ್ಪು, ತನ್ನವನನ್ನು ಹೊರಗಿಡುವ ತಪ್ಪು ಎಂಬ ಈ ಎರಡು ತಪ್ಪುಗಳಲ್ಲಿ ಒಂದನ್ನು ಬಿಗಿದರೆ ಇನ್ನೊಂದು ಸಡಿಲವಾಗುತ್ತದೆ. ದೇಹದ ಗುರುತಿನಿಂದ ಕೆಲಸ ಮಾಡುವ ಯಾವ ಸಾಧನವೂ ಇದರಿಂದ ಪಾರಾಗಿಲ್ಲ. ಬೆರಳಚ್ಚು ಒತ್ತಿ ಹಾಜರಿ ಹಾಕುವ ಕಚೇರಿಗಳಲ್ಲಿ ದಿನವೂ ಬೆರಳು ಒರೆಸಿಕೊಂಡು ಮತ್ತೆ ಮತ್ತೆ ಒತ್ತುವವರೆಲ್ಲರಿಗೂ ಇದು ಗೊತ್ತಿರುವ ವಿಷಯವೇ.

ನಾಡಿಬಡಿತದ ಮಟ್ಟಿಗೆ ಕಷ್ಟ ಇನ್ನೂ ಹೆಚ್ಚು. ಭಯ, ಕೋಪ, ನಿದ್ದೆಗೇಡು, ಕಾಫಿ ಎಲ್ಲವೂ ಬಡಿತವನ್ನು ಬದಲಿಸುತ್ತವೆ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬಡಿತ ನಿಮಿಷಕ್ಕೆ ಎಂಟು ಹತ್ತರಷ್ಟು ಹೆಚ್ಚುವುದು ಸಾಮಾನ್ಯ. ಬೆಳಕಿನಿಂದ ನಾಡಿ ಓದುವ ಸಂವೇದಕಕ್ಕೆ ಕೈಯ ಅಲುಗಾಟವೂ ಚರ್ಮದ ಮೇಲಿನ ಹಚ್ಚೆಯೂ ತೊಡಕಾಗುತ್ತವೆ. ಯುದ್ಧದ ಸಾಧನಕ್ಕೆ ಇದು ಕ್ರೂರವಾದ ಗುಣ: ಪೈಲಟ್‌ಗೆ ಅದು ಅತ್ಯಂತ ಬೇಕಾದ ಗಳಿಗೆಯಲ್ಲೇ, ಅಂದರೆ ಎದೆ ಹೊಡೆದುಕೊಳ್ಳುತ್ತಿರುವಾಗಲೇ, ಅದು ಅವನನ್ನು ಗುರುತಿಸದೇ ಹೋಗುವ ಸಾಧ್ಯತೆ ಹೆಚ್ಚು.

ಇದನ್ನು ವಿವರಿಸಿದಾಗ ಲೇಖಕಿ ಕಂಕಣವನ್ನೇ ಕೈಬಿಟ್ಟು ಬೇರೆ ಸಾಧನ ಹುಡುಕುವ ಯೋಚನೆಯಲ್ಲಿದ್ದರು. ನಾನು ಬೇಡವೆಂದೆ. ಕಾದಂಬರಿಗೆ ಬೇಕಾದದ್ದು ದೋಷವಿಲ್ಲದ ಸಾಧನವಲ್ಲ. ತನ್ನ ದೋಷದಿಂದ ಯಾರೋ ಒಬ್ಬರು ಬೆಲೆ ತೆರುವಂತೆ ಮಾಡುವ ಸಾಧನ. ಈ ಒಂದು ಅಂಶವನ್ನು ನಾನು ಇಡೀ ಚರ್ಚೆಯಲ್ಲಿ ಬಿಡದೆ ಹಿಡಿದುಕೊಂಡಿದ್ದೆ. ಭದ್ರತಾ ಸಾಧನವೊಂದನ್ನು ಓದುಗ ನಂಬುವುದು ಅದು ಕಳ್ಳನನ್ನು ಹೇಗೆ ತಡೆಯಿತು ಎಂಬುದರಿಂದಲ್ಲ, ಮನೆಯವನೇ ಒಂದು ಕೆಟ್ಟ ದಿನ ಅದರ ಮುಂದೆ ನಿಂತಾಗ ಅದು ಹೇಗೆ ನಡೆದುಕೊಂಡಿತು ಎಂಬುದರಿಂದ.

ಆಗ ಲೇಖಕಿಗೆ ಹೊಳೆದದ್ದು ಇಡೀ ಕಥೆಯ ದಿಕ್ಕನ್ನೇ ಬದಲಿಸಿತು. ಹೊಸ ಕರಡಿನಲ್ಲಿ ನಾಯಕಿಗೆ ವೈರಲ್ ಜ್ವರ. ಮಾತ್ರೆ ನುಂಗಿ, ಯಾರಿಗೂ ಹೇಳದೆ, ಪಾಳಿಗೆ ಬಂದು ಕೂರುತ್ತಾಳೆ. ಕಂಕಣ ಒಂದೆರಡು ಬಾರಿ ತಪ್ಪಿದರೂ ತಕ್ಷಣ ಬಾಗಿಲು ಹಾಕುವುದಿಲ್ಲ. ಪ್ರತಿ ಪರೀಕ್ಷೆಯಿಂದಲೂ ಒಂದಿಷ್ಟು ನಂಬಿಕೆಯನ್ನು ಕೂಡಿಸುತ್ತ ಕಳೆಯುತ್ತ ಹೋಗುತ್ತದೆ, ಮೊತ್ತ ಒಂದು ಮಿತಿಗಿಂತ ಕೆಳಗಿಳಿದರೆ ಮಾತ್ರ ಶಸ್ತ್ರದ ಅಧಿಕಾರವನ್ನು ಹಿಂತೆಗೆದುಕೊಳ್ಳುತ್ತದೆ. ಸಾವಿರಾರು ಪರೀಕ್ಷೆಗಳ ಸಮಸ್ಯೆಗೆ ಇದು ಎಂಜಿನಿಯರ್‌ಗಳು ಒಪ್ಪುವ ಪರಿಹಾರ. ಆದರೆ ಜ್ವರ ಗಂಟೆಗಟ್ಟಲೆ ಇಳಿಯದ್ದರಿಂದ ಆ ಮೊತ್ತ ನಿಧಾನವಾಗಿ ಕರಗುತ್ತದೆ. ನಡುರಾತ್ರಿಯ ಹೊತ್ತಿಗೆ ನಾಯಕಿಯನ್ನು ಕುರ್ಚಿಯಿಂದ ಎಬ್ಬಿಸಿ, ಮನೆಯಲ್ಲಿದ್ದ ಬದಲಿ ಪೈಲಟ್‌ನನ್ನು ಕರೆಸುತ್ತಾರೆ. ಶತ್ರುಗಳ ಹಿಡಿತದಲ್ಲಿರುವುದು ಆ ಬದಲಿ ಪೈಲಟ್. ಸಾಧನ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು, ಯಾರೂ ನಿಯಮ ತಪ್ಪಲಿಲ್ಲ, ಆದರೂ ಕುರ್ಚಿಯಲ್ಲಿ ಕೂರಬಾರದವನು ಕೂತ.

ಕಳ್ಳ ಎಲ್ಲಿಂದ ಬಂದ

ಮೊದಲ ಕರಡಿನ ಶತ್ರುಗಳು ಪೈಲಟ್‌ನ ವೇಷ ಹಾಕಿ ಬರುತ್ತಿದ್ದರು. ಡ್ರೋನ್‌ಗಳ ವಿರುದ್ಧ ನಿಜವಾಗಿ ನಡೆದಿರುವ, ಸಾರ್ವಜನಿಕವಾಗಿ ದಾಖಲಾಗಿರುವ ಘಟನೆಗಳನ್ನು ಒಂದೊಂದಾಗಿ ಮುಂದಿಟ್ಟುಕೊಂಡು ನೋಡಿದಾಗ ಆ ದಾರಿಯಲ್ಲಿ ಯಾರೂ ಬಂದದ್ದು ಕಾಣಲಿಲ್ಲ. 2009ರಲ್ಲಿ ಇರಾಕಿನ ಬಂಡುಕೋರರು ಪ್ರಿಡೇಟರ್ ಡ್ರೋನ್‌ಗಳು ಕಳಿಸುತ್ತಿದ್ದ ವಿಡಿಯೊವನ್ನು ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುವ, ಸುಮಾರು 26 ಡಾಲರ್ ಬೆಲೆಯ ತಂತ್ರಾಂಶ ಬಳಸಿ ನೋಡುತ್ತಿದ್ದದ್ದು ಬಯಲಾಯಿತು. ಆ ವಿಡಿಯೊಗೆ ಗೂಢಲಿಪಿಯ ರಕ್ಷಣೆಯೇ ಇರಲಿಲ್ಲ. 2011ರಲ್ಲಿ ಅಮೆರಿಕದ ನೆವಾಡಾದ ಕ್ರೀಚ್ ವಾಯುನೆಲೆಯಲ್ಲಿ, ಡ್ರೋನ್‌ಗಳ ನೆಲದ ವ್ಯವಸ್ಥೆಗೆ ಸೇರಿದ ಕಂಪ್ಯೂಟರ್‌ಗಳಲ್ಲಿ ದುರುದ್ದೇಶದ ತಂತ್ರಾಂಶ ಪತ್ತೆಯಾದ ಸುದ್ದಿ ಹೊರಬಂತು; ಹಾರಾಟಕ್ಕೆ ಧಕ್ಕೆಯಾಗಿಲ್ಲವೆಂದು ವಾಯುಪಡೆ ಹೇಳಿತು. 2012ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಟಾಡ್ ಹಂಫ್ರೀಸ್ ಅವರ ತಂಡ, ಅನುಮತಿ ಪಡೆದು ನಡೆಸಿದ ಪ್ರದರ್ಶನದಲ್ಲಿ, ಸುಳ್ಳು ಜಿಪಿಎಸ್ ಸಂಕೇತ ಕಳಿಸಿ ಒಂದು ಪುಟ್ಟ ಡ್ರೋನನ್ನು ದಾರಿ ತಪ್ಪಿಸಿ ತೋರಿಸಿತು. 2018ರಲ್ಲಿ ರೀಪರ್‌ನ ನಿರ್ವಹಣಾ ಕೈಪಿಡಿಗಳು ಅಂತರ್ಜಾಲದ ಕತ್ತಲ ಮಾರುಕಟ್ಟೆಯಲ್ಲಿ ಮಾರಾಟಕ್ಕೆ ಬಂದವು. ಅಧಿಕಾರಿಯೊಬ್ಬರ ರೌಟರ್‌ನಲ್ಲಿ ತಯಾರಕರು ಕೊಟ್ಟ ಪಾಸ್‌ವರ್ಡ್ ಬದಲಾಗದೇ ಉಳಿದದ್ದು ಅದಕ್ಕೆ ದಾರಿ ಮಾಡಿಕೊಟ್ಟಿತ್ತು.

ಕಣ್ಣು, ಕಂಪ್ಯೂಟರ್, ದಿಕ್ಕು, ಕಾಗದ. ನಾಲ್ಕೂ ಕಡೆ ಪೆಟ್ಟು ಬಿದ್ದದ್ದು ಬೀಗವಿಲ್ಲದ ಜಾಗಕ್ಕೆ. ಮಣಿಕಟ್ಟಿನ ಮೇಲೆ ಎಷ್ಟೇ ಬಲವಾದ ಬೀಗ ಹಾಕಿದರೂ ಈ ನಾಲ್ವರಲ್ಲಿ ಒಬ್ಬರನ್ನೂ ಅದು ತಡೆಯುತ್ತಿರಲಿಲ್ಲ. ಲೇಖಕಿ ಈ ಘಟನೆಗಳಲ್ಲಿ ಯಾವುದನ್ನೂ ಕಥೆಗೆ ಎಳೆದು ತರಲಿಲ್ಲ. ಬದಲಿಗೆ, ಬೀಗದ ಪಕ್ಕದಲ್ಲೇ ಬೀಗವಿಲ್ಲದ ಜಾಗ ಯಾವುದೆಂದು ಹುಡುಕಿದರು, ಮತ್ತು ಅದು ಪೈಲಟ್‌ನ ಮನಸ್ಸೇ ಎಂಬ ತೀರ್ಮಾನಕ್ಕೆ ಬಂದರು.

ಅಸಲಿ ನಾಡಿ, ಕಟ್ಟಿಹಾಕಿದ ಮನಸ್ಸು

ಬದಲಿ ಪೈಲಟ್‌ನ ಹೆಂಡತಿ ಮತ್ತು ಮಗಳು ನಗರದ ಇನ್ನೊಂದು ತುದಿಯ ಮನೆಯೊಂದರಲ್ಲಿ ಒತ್ತೆಯಾಳುಗಳು. ಅವನು ತಾನಾಗಿಯೇ ಕಾರು ಓಡಿಸಿಕೊಂಡು ಬರುತ್ತಾನೆ, ಗೇಟಿನಲ್ಲಿ ಗುರುತಿನ ಚೀಟಿ ತೋರಿಸುತ್ತಾನೆ, ಕಂಕಣ ತೊಡುತ್ತಾನೆ. ಮುಖ ಅವನದೇ, ನಾಡಿ ಅವನದೇ, ಕೀಲಿ ಅವನದೇ. ವ್ಯಕ್ತಿ ಯಾರೆಂದು ಸಾಧನ ಹೇಳಬಲ್ಲದು; ಅವನು ಯಾರ ಮಾತಿನಂತೆ ನಡೆಯುತ್ತಿದ್ದಾನೆಂದು ಹೇಳಲಾರದು. ದೇಹದ ಗುರುತನ್ನೇ ಬೀಗವಾಗಿಸಿದಾಗ ಅಪಾಯ ದೇಹದ ಮೇಲೆ ಬೀಳುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ: 2005ರಲ್ಲಿ ಮಲೇಷ್ಯಾದಲ್ಲಿ ಬೆರಳಚ್ಚಿನಿಂದ ಚಾಲೂ ಆಗುವ ಕಾರನ್ನು ಕದ್ದ ದರೋಡೆಕೋರರು ಮಾಲೀಕರ ಬೆರಳನ್ನೇ ಕತ್ತರಿಸಿಕೊಂಡು ಹೋದರು. ನಾಡಿ ನೋಡುವ ಕಂಕಣ ಕತ್ತರಿಸಿದ ಕೈಗೆ ಮೋಸಹೋಗುವುದಿಲ್ಲ ನಿಜ. ಅದರಿಂದ ಆಗುವುದಿಷ್ಟೆ, ಶತ್ರುವಿಗೆ ಇಡೀ ಮನುಷ್ಯ ಬೇಕಾಗುತ್ತಾನೆ, ಮತ್ತು ಜೀವಂತವಾಗಿ ಬೇಕಾಗುತ್ತಾನೆ.

ಇಲ್ಲಿ ನಮ್ಮ ಚರ್ಚೆ ಅತ್ಯಂತ ಉದ್ದವಾಯಿತು, ಮತ್ತು ಹಸ್ತಪ್ರತಿ ಅತ್ಯಂತ ಹೆಚ್ಚು ಬದಲಾದದ್ದೂ ಇಲ್ಲಿಯೇ. ಒತ್ತಾಯಕ್ಕೆ ಒಳಗಾದವನು ಗುಟ್ಟಾಗಿ ಸುಳಿವು ಕೊಡುವ ಸಂಕೇತಗಳು ಬ್ಯಾಂಕುಗಳ, ಮನೆಗಳ ಕಳ್ಳಗಂಟೆ ವ್ಯವಸ್ಥೆಗಳಲ್ಲಿ ಬಹಳ ಹಿಂದಿನಿಂದಲೂ ಇವೆ; ಮಾಮೂಲಿ ಅಂಕಿಯ ಬದಲು ಇನ್ನೊಂದು ಅಂಕಿ ಒತ್ತಿದರೆ ಗಂಟೆ ಬಂದ್ ಆದಂತೆ ಕಾಣುತ್ತದೆ, ಸುದ್ದಿ ಮಾತ್ರ ಹೊರಗೆ ಹೋಗಿರುತ್ತದೆ. ಕಂಕಣಕ್ಕೂ ಇಂಥದ್ದೊಂದು ಬೇಕೆಂದು ಮೂವರೂ ಒಪ್ಪಿದೆವು. ಹೇಗಿರಬೇಕು ಎಂಬುದರಲ್ಲಿ ಒಮ್ಮತವಿರಲಿಲ್ಲ. ಬೆರಳಿನಿಂದ ತಟ್ಟುವ ಸಂಕೇತವನ್ನು ಲೇಖಕಿ ಸೂಚಿಸಿದರು. ಕ್ಯಾಮೆರಾ ನೋಡುತ್ತಿರುವ ಶತ್ರುವಿಗೆ ಅದು ಕಂಡೀತು ಎಂದು ಹಿರಿಯರು ತಳ್ಳಿಹಾಕಿದರು. ಕೊನೆಗೆ ಅವರು ತಮ್ಮ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಮತ್ತೆ ಕಟ್ಟಿಕೊಂಡು ತೋರಿಸಿದರು: ಒಮ್ಮೆ ಪಟ್ಟಿಯ ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಇನ್ನೊಮ್ಮೆ ತುದಿಯನ್ನು ಕುಣಿಕೆಯ ಹೊರಗೇ ಬಿಟ್ಟು. ಎರಡೂ ಬಾರಿ ಗಡಿಯಾರ ಕೈಮೇಲೆ ಒಂದೇ ರೀತಿ ಕೂತಿತ್ತು. ನೋಡುತ್ತಿದ್ದ ನಮ್ಮಿಬ್ಬರಿಗೂ ವ್ಯತ್ಯಾಸ ತಿಳಿದದ್ದು ಅವರು ಬೆರಳು ತೋರಿಸಿದ ಮೇಲೆ. ಕಾದಂಬರಿಯ ಕಂಕಣದಲ್ಲಿ ಆ ಕುಣಿಕೆಯೊಳಗೆ ಒಂದು ಸಣ್ಣ ಸ್ಪರ್ಶಬಿಂದು ಸೇರಿಕೊಂಡಿತು. ತುದಿ ಒಳಗೆ ಬಾರದಿದ್ದರೆ ತೊಟ್ಟವನು ಸ್ವತಂತ್ರನಲ್ಲ ಎಂದರ್ಥ.

ಶತ್ರುವಿಗೂ ಇದು ಗೊತ್ತಿದ್ದರೆ? ಲೇಖಕಿಯ ಈ ಪ್ರಶ್ನೆ ನ್ಯಾಯವಾದದ್ದು. ರಹಸ್ಯ ಲಿಪಿಗಳ ಬಗ್ಗೆ 1883ರಲ್ಲೇ ಓಗ್ಯುಸ್ಟ್ ಕೆರ್ಕ್‌ಹಾಫ್ಸ್ ಒಂದು ತತ್ತ್ವ ಹೇಳಿದ್ದರು: ಕೀಲಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ವೈರಿಯ ಕೈಸೇರಿದರೂ ವ್ಯವಸ್ಥೆ ಮುರಿಯಬಾರದು. ಎಲ್ಲ ಪೈಲಟ್‌ಗಳಿಗೂ ಒಂದೇ ಸಂಕೇತವಿದ್ದರೆ ಒಬ್ಬ ಬಾಯಿಬಿಟ್ಟರೆ ಸಾಕು. ಆದ್ದರಿಂದ ಕಾದಂಬರಿಯಲ್ಲಿ ಪ್ರತಿ ಪೈಲಟ್ ತನ್ನ ಸಂಕೇತವನ್ನು ತಾನೇ ಆರಿಸಿಕೊಳ್ಳುತ್ತಾನೆ. ಕೆಲವರಿಗೆ ತುದಿ ಹೊರಗಿದ್ದರೆ ಅಪಾಯ, ಕೆಲವರಿಗೆ ಒಳಗಿದ್ದರೆ. ಶತ್ರುವಿಗೆ ಸಾಧನದ ರಚನೆ ಸಂಪೂರ್ಣ ಗೊತ್ತು. ಈ ಒಬ್ಬ ಮನುಷ್ಯನ ಆಯ್ಕೆ ಮಾತ್ರ ಗೊತ್ತಿಲ್ಲ. ‘ಸರಿಯಾಗಿ ಕಟ್ಟಿಕೋ’ ಎಂದು ಅವರು ಫೋನಿನಲ್ಲಿ ಹೇಳುವ ದೃಶ್ಯ ಹಸ್ತಪ್ರತಿಯ ಅತ್ಯುತ್ತಮ ಪುಟವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಸರಿಯಾಗಿ ಎಂದರೆ ಹೇಗೆಂದು ಅವನೊಬ್ಬನಿಗೇ ಗೊತ್ತು, ಮತ್ತು ಮಗಳ ದನಿ ಅದೇ ಫೋನಿನಲ್ಲಿ ಕೇಳುತ್ತಿದೆ.

ಎರಡನೆಯ ಕ್ಯಾಬಿನ್

ಸುಳಿವು ಸಿಕ್ಕಿತು, ಮುಂದೇನು? ಶಸ್ತ್ರದ ಅಧಿಕಾರವನ್ನು ಕಿತ್ತುಕೊಂಡರೆ ಪರದೆಯ ಮೇಲೆ ಗೊತ್ತಾಗುತ್ತದೆ, ಪೈಲಟ್‌ನ ಅಂಗಿಯ ಗುಂಡಿಯಲ್ಲಿ ಅಡಗಿರುವ ಕ್ಯಾಮೆರಾದಿಂದ ನೋಡುತ್ತಿರುವ ಶತ್ರುವಿಗೂ ಗೊತ್ತಾಗುತ್ತದೆ, ಮನೆಯಲ್ಲಿ ಇಬ್ಬರು ಸಾಯುತ್ತಾರೆ. ಇದಕ್ಕೆ ಹಿರಿಯರು ತೋರಿಸಿದ ದಾರಿ ನಿಯಂತ್ರಣದ ಹಸ್ತಾಂತರ. ದೊಡ್ಡ ಡ್ರೋನ್‌ಗಳು ಇಪ್ಪತ್ತು ಗಂಟೆಗೂ ಹೆಚ್ಚು ಕಾಲ ಹಾರಬಲ್ಲವು; ಪೈಲಟ್‌ಗಳು ಪಾಳಿಯಲ್ಲಿ ಬದಲಾಗುತ್ತಾರೆ, ಒಂದು ನೆಲೆಯಿಂದ ಇನ್ನೊಂದು ನೆಲೆಗೆ ಹತೋಟಿ ದಾಟುವುದು ಸಾಮಾನ್ಯ ಸಂಗತಿ. ನಮ್ಮಲ್ಲೇ 2023ರ ಜೂನ್ 16ರಂದು, ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ರೂಪಿಸಿದ ತಪಸ್ ಡ್ರೋನ್ ಬೆಳಿಗ್ಗೆ 7.35ಕ್ಕೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಪರೀಕ್ಷಾ ವಲಯದಿಂದ ಹಾರಿತು. ಕಾರವಾರದಿಂದ 148 ಕಿಲೋಮೀಟರ್ ದೂರ ಸಮುದ್ರದಲ್ಲಿದ್ದ ನೌಕಾಪಡೆಯ ಐಎನ್ಎಸ್ ಸುಭದ್ರಾ ಹಡಗು ಮೂರೂವರೆ ಗಂಟೆಯ ಆ ಹಾರಾಟದಲ್ಲಿ 40 ನಿಮಿಷ ಅದನ್ನು ತನ್ನ ಹತೋಟಿಯಲ್ಲಿ ನಡೆಸಿತು. ಆಮೇಲೆ ವಿಮಾನ ಚಳ್ಳಕೆರೆಗೇ ಮರಳಿ ಇಳಿಯಿತು. ನೆಲದಿಂದ ಹಡಗಿಗೆ, ಹಡಗಿನಿಂದ ನೆಲಕ್ಕೆ, ನಡುವೆ ವಿಮಾನ ಹಾರುತ್ತಲೇ ಇತ್ತು.

ಕಾದಂಬರಿಯಲ್ಲಿ ಕುಣಿಕೆಯ ಸುಳಿವು ಸಿಗುತ್ತಲೇ ನಿಜವಾದ ವಿಮಾನ ಪಕ್ಕದ ಕ್ಯಾಬಿನ್‌ಗೆ ದಾಟುತ್ತದೆ. ಪೈಲಟ್‌ನ ಪರದೆಗೆ ತರಬೇತಿಗೆ ಬಳಸುವ ಅಣಕು ಹಾರಾಟ ಬರತೊಡಗುತ್ತದೆ. ಇಲ್ಲಿ ಲೇಖಕಿಯೇ ಒಂದು ಅಪಾಯವನ್ನು ಕಂಡುಹಿಡಿದರು. ಭೂಸ್ಥಿರ ಉಪಗ್ರಹ ಭೂಮಿಯಿಂದ 35,786 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಆಜ್ಞೆ ಮೇಲೇರಿ ವಿಮಾನಕ್ಕೆ ಇಳಿಯಲು ಬೆಳಕಿನ ವೇಗದಲ್ಲೂ ಕಾಲು ಸೆಕೆಂಡು, ಅದರ ಫಲ ಚಿತ್ರವಾಗಿ ಮರಳಲು ಇನ್ನೂ ಕಾಲು ಸೆಕೆಂಡು ಬೇಕು. ನಡುವಿನ ಉಪಕರಣಗಳ ತಡವೂ ಸೇರಿದರೆ ಒಂದರಿಂದ ಎರಡು ಸೆಕೆಂಡಿನಷ್ಟಾಗುತ್ತದೆ. ಪಕ್ಕದ ಕೋಣೆಯ ಕಂಪ್ಯೂಟರ್‌ನಿಂದ ಬರುವ ಅಣಕು ಚಿತ್ರಕ್ಕೆ ಈ ತಡವೇ ಇರುವುದಿಲ್ಲ. ಕೋಲು ಎಳೆದ ತಕ್ಷಣ ಪರದೆಯಲ್ಲಿ ದಿಗಂತ ವಾಲಿದರೆ, ಎಣಿಸುವ ಅಭ್ಯಾಸವಿರುವ ಶತ್ರುವಿಗೆ ಎಲ್ಲ ತಿಳಿದುಹೋಗುತ್ತದೆ. ಹಸ್ತಾಂತರದ ಹೊಣೆ ಹೊತ್ತ ತಂತ್ರಜ್ಞೆ ಆ ತಡವನ್ನು ಲೆಕ್ಕ ಹಾಕಿ ಅಣಕಿಗೆ ಸೇರಿಸುವ ಎರಡು ಪುಟಗಳಲ್ಲಿ ಗುಂಡಿನ ಸದ್ದಿಲ್ಲ, ಓಟವಿಲ್ಲ. ಆದರೂ ಇಡೀ ಕಾದಂಬರಿಯಲ್ಲಿ ಉಸಿರು ಬಿಗಿಹಿಡಿದು ಓದಿಸುವ ಭಾಗ ಅದೇ. ಶತ್ರು ಫೋನಿನಲ್ಲಿ ‘ಎಡಕ್ಕೆ ತಿರುಗಿಸು’ ಎಂದು ಹೇಳಿ ಮನಸ್ಸಿನಲ್ಲೇ ಎಣಿಸುತ್ತಾನೆ. ಓದುಗನೂ ಎಣಿಸುತ್ತಾನೆ.

ಪಕ್ಕದ ಕುರ್ಚಿಯಲ್ಲಿರುವ ಸಂವೇದಕ ನಿರ್ವಾಹಕನ ಪಾತ್ರವೂ ಇದರಿಂದ ಬೆಳೆಯಿತು. ರೀಪರ್‌ನಂಥ ಡ್ರೋನ್‌ಗಳಲ್ಲಿ ಪೈಲಟ್ ಜೊತೆಗೆ ಕ್ಯಾಮೆರಾ ಮತ್ತು ಲೇಸರ್ ನೋಡಿಕೊಳ್ಳುವ ಇನ್ನೊಬ್ಬರು ಸದಾ ಇರುತ್ತಾರೆ. ಮೊದಲ ಕರಡಿನಲ್ಲಿ ಅವನಿಗೆ ಹೆಚ್ಚು ಮಾತೇ ಇರಲಿಲ್ಲ. ಈಗ ಅಣಕಿನ ಗುಟ್ಟು ಅವನಿಗೆ ಗೊತ್ತಿಲ್ಲ. ಅವನ ಪಾಲಿಗೆ ತನ್ನ ಗೆಳೆಯನೊಬ್ಬ ಆಜ್ಞೆಯಿಲ್ಲದೆ ವಿಮಾನವನ್ನು ನಗರದ ಕಡೆಗೆ ತಿರುಗಿಸುತ್ತಿದ್ದಾನೆ. ಅವನು ಎದ್ದು ಕೈಹಿಡಿಯಬೇಕೇ ಬೇಡವೇ? ಇಬ್ಬರ ಒಪ್ಪಿಗೆಯಿಲ್ಲದೆ ಮಹಾ ಅಸ್ತ್ರಗಳನ್ನು ಮುಟ್ಟಬಾರದೆಂಬ ನಿಯಮ ಸೈನ್ಯಗಳಲ್ಲಿ ಬೇರೂರಿರುವುದು ಮನುಷ್ಯನ ಮನಸ್ಸನ್ನು ಕಾಯಲು ಇನ್ನೊಬ್ಬ ಮನುಷ್ಯನೇ ಬೇಕೆಂಬ ಅನುಭವದಿಂದ. ಆ ಪಾತ್ರ ಕೊನೆಗೆ ಏನು ಮಾಡುತ್ತದೆ ಎಂಬುದನ್ನು ಇಲ್ಲಿ ಹೇಳುವುದು ಲೇಖಕಿಗೆ ಅನ್ಯಾಯ ಮಾಡಿದಂತೆ.

ಉಳಿದ ತಿದ್ದುಪಡಿಗಳು

ಕಂಕಣದ ನಿಸ್ತಂತು ಸಂಪರ್ಕವನ್ನು ತೆಗೆದುಹಾಕಲು ಹೆಚ್ಚು ವಾದ ಬೇಕಾಗಲಿಲ್ಲ. 2018ರ ಜನವರಿಯಲ್ಲಿ, ಓಟಗಾರರು ಬಳಸುವ ಒಂದು ಫಿಟ್‌ನೆಸ್ ಆ್ಯಪ್ ಪ್ರಕಟಿಸಿದ ನಕ್ಷೆಯಲ್ಲಿ ಸೈನಿಕರು ನೆಲೆಗಳ ಸುತ್ತ ಓಡಿದ ದಾರಿಗಳು ಗೆರೆಗೆರೆಯಾಗಿ ಹೊಳೆದು ಕಂಡದ್ದು ಲೋಕಕ್ಕೆಲ್ಲ ತಿಳಿದಿದೆ. ಕೈಮೇಲಿರುವ ರೇಡಿಯೊ ಎಂದರೆ ತಾನಿರುವ ಜಾಗವನ್ನು ಸಾರುವ ರೇಡಿಯೊ. ಹೊಸ ಕರಡಿನಲ್ಲಿ ಕುರ್ಚಿಯ ಎಡತೋಳಿನ ಮೇಲೆ ಒಂದು ಲೋಹದ ಫಲಕವಿದೆ. ಮಣಿಕಟ್ಟು ಅದಕ್ಕೆ ತಾಗಿದಾಗ ಮಾತ್ರ ಕಂಕಣ ಮಾತಾಡುತ್ತದೆ, ಪಾಳಿ ಮುಗಿದ ಮೇಲೆ ಅದು ಕ್ಯಾಬಿನ್ ಬಿಟ್ಟು ಹೊರಗೆ ಹೋಗುವುದಿಲ್ಲ. ಸ್ಫೋಟದ ಕಲ್ಪನೆ ಪೂರ್ತಿ ಹೋಯಿತು. ಸಾಧನದ ವರ್ಣನೆಗೆ ಮೀಸಲಿದ್ದ ಅಧ್ಯಾಯ ಒಂದು ಪುಟಕ್ಕೆ ಇಳಿದು, ನಾಯಕಿ ಜ್ವರದ ಕೈಗೆ ಪಟ್ಟಿ ಕಟ್ಟಿಕೊಳ್ಳುವ ದೃಶ್ಯದೊಳಗೆ ಸೇರಿಹೋಯಿತು.

ಒಂದು ವಿಷಯ ಮಾತ್ರ ಮೂರನೆಯ ಕರಡಿನಲ್ಲೂ ಬಗೆಹರಿದಿಲ್ಲ. ಘಟನೆಯ ನಂತರ ನಡೆಯುವ ವಿಚಾರಣೆಯಲ್ಲಿ ನಂಬಿಕೆಯ ಮಿತಿಯನ್ನು ಸಡಿಲಿಸಬೇಕೆಂದು ವೈದ್ಯಾಧಿಕಾರಿ ವಾದಿಸುತ್ತಾರೆ, ಏಕೆಂದರೆ ಜ್ವರ ಬಂದವಳನ್ನು ಎಬ್ಬಿಸದಿದ್ದರೆ ಈ ಅನಾಹುತವೇ ಆಗುತ್ತಿರಲಿಲ್ಲ. ಬಿಗಿಗೊಳಿಸಬೇಕೆಂದು ಕಮಾಂಡಿಂಗ್ ಅಧಿಕಾರಿ ಹೇಳುತ್ತಾರೆ, ಏಕೆಂದರೆ ಜ್ವರದಲ್ಲಿರುವವಳು ಶಸ್ತ್ರದ ಮುಂದೆ ಕೂರಬಾರದಿತ್ತು. ಲೇಖಕಿ ವೈದ್ಯಾಧಿಕಾರಿಯ ಪಕ್ಷ. ಹಿರಿಯ ಎಂಜಿನಿಯರ್ ಕಮಾಂಡಿಂಗ್ ಅಧಿಕಾರಿಯ ಪಕ್ಷ. ನನ್ನ ಮಟ್ಟಿಗೆ ಹಿರಿಯರ ವಾದ ಹೆಚ್ಚು ಗಟ್ಟಿ: ಜ್ವರವನ್ನು ಮುಚ್ಚಿಟ್ಟು ಬಂದ ನಾಯಕಿಯ ತಪ್ಪನ್ನು ಸಾಧನದ ಮಿತಿ ಬದಲಿಸಿ ಸರಿಪಡಿಸಲಾಗದು, ಮತ್ತು ಬದಲಿ ಪೈಲಟ್ ಇನ್ನೊಂದು ದಿನವಾದರೂ ಆ ಕುರ್ಚಿಗೆ ಬರುತ್ತಿದ್ದ. ಲೇಖಕಿ ಇದನ್ನು ಒಪ್ಪಿಲ್ಲ. ವಿಚಾರಣೆಯ ಅಧ್ಯಾಯವನ್ನು ಅವರು ಈಗ ಮತ್ತೆ ಬರೆಯುತ್ತಿದ್ದಾರೆ, ಮತ್ತು ಪ್ರಕಾಶಕರು ಅದಕ್ಕಾಗಿ ಕಾಯಲು ಒಪ್ಪಿದ್ದಾರೆ.